ಕದ್ದ ಕುಡಿ

ಮುರ್ಮಾನ್ಸ್ಕಿನಲ್ಲಿ ಡಿಸೆಂಬರ್ ಅಂದರೆ
ಸೂರ್ಯ ಹೇಳದೆ ಕೇಳದೆ ರಜೆ ಹಾಕಿದ ತಿಂಗಳು.
ಮಟಮಟ ಮಧ್ಯಾಹ್ನ ಆಕಾಶ
ಶಾಯಿ ಬಾಟಲಿ ತೊಳೆದ ನೀರಿನಷ್ಟು ಬೆಳಗಾಗಿ
ಮತ್ತೆ ಮುಚ್ಚಿಕೊಳ್ಳುತ್ತದೆ.
ನಾನು ಟ್ರಾಲಿಬಸ್ ಓಡಿಸುವವಳು.
ಕತ್ತಲಲ್ಲಿ ಹೋಗಿ, ಕತ್ತಲಲ್ಲಿ ಬಂದು
ಬೂಟು ಬಿಚ್ಚುವ ಮೊದಲೇ
ಅಡುಗೆಮನೆಯ ಕಿಟಕಿಗೆ ಹೋಗಿ ಕೇಳುತ್ತೇನೆ:
ಹೇಗಿದ್ದೀರಿ?

ಮಯೊನೇಸ್ ಬಕೀಟಿನಲ್ಲಿ ಲೋಳೆಸರ.
ಹಿಡಿ ಮುರಿದ ಟೀಪಾಟಿನಲ್ಲಿ ಜೆರೇನಿಯಂ.
ನೆಗಡಿಯಾದರೆ ಮೂಗಿಗೆ ಹಿಂಡುವ ಕಾಡುಬಸಳೆ,
ಎಲೆಯಂಚಿನಲ್ಲೇ ಮರಿ ಹಾಕಿ
ಉದುರಿದಲ್ಲಿ ಸಂಸಾರ ಹೂಡುವಂಥದ್ದು.
ಮತ್ತೆ, ನಿಂಬೆ.
ಚಹಾ ಲೋಟದ ತಳದಲ್ಲಿ ಸಿಕ್ಕ ಬೀಜ;
ಉಗುಳಬೇಕಿತ್ತು, ಉಗುಳಲಿಲ್ಲ,
ಬೆರಳಿಂದ ಮಣ್ಣಿಗೆ ಒತ್ತಿದೆ.
ಹನ್ನೊಂದು ವರ್ಷ.
ಒಂದು ಹೂವಿಲ್ಲ. ಮುಳ್ಳು ಮಾತ್ರ ಧಾರಾಳ.

ಕೆಳಗೆ ರೇಡಿಯೇಟರು ಕೊತಕೊತ,
ಮೇಲೆ ಗಾಜಿಗೆ ಹಿಮದ ಹೊಪ್ಪಳೆ.
ಪಾದ ಸುಡುತ್ತದೆ, ನೆತ್ತಿ ಮರಗಟ್ಟುತ್ತದೆ,
ನಡುವಿನ ಗೇಣಗಲ ಹಲಗೆಯ ಮೇಲೆ
ಬದುಕಿಕೊಳ್ಳಿ ಅಂತ ಕೂರಿಸಿಬಿಟ್ಟಿದ್ದೇನೆ.
ಒದ್ದೆ ಟವೆಲು ಹೊದಿಸುತ್ತೇನೆ ರೇಡಿಯೇಟರಿಗೆ,
ನುಸಿ ಬಿದ್ದರೆ ಬಟ್ಟೆ ಸೋಪಿನ ನೀರಲ್ಲಿ
ಒಂದೊಂದೇ ಎಲೆಯ ಹಿಂಬದಿ ಒರೆಸುತ್ತೇನೆ,
ಮಗುವಿನ ಕಿವಿಯ ಹಿಂದೆ ತೊಳೆದ ಹಾಗೆ.
ಸೂರ್ಯನ ಬದಲಿಗೆ ಒಂದು ದೀಪ ತಂದೆ,
ಗುಲಾಬಿ ಬಣ್ಣದ್ದು.

ಆ ದೀಪದ ದೂರು ಹೊತ್ತೇ
ಎದುರುಮನೆಯ ತಾಯಿಸಿಯಾ ರೊಡಿಯೊನೊವ್ನಾ ಬಂದಳು.
ಮೀನು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವಳು,
ಇನ್ನೂ ಕೂಡಿ ಕಳೆಯುವ ಕಣ್ಣು.
"ನಿನ್ನ ಕಿಟಕಿ ನೋಡಿದವರು
ಇದೆಂಥ ಮನೆ ಅಂತಾರೆ, ಗೊತ್ತಾ?"
"ಏನಾದರೂ ಅಂದುಕೊಳ್ಳಲಿ. ಚಹಾ ಕುಡಿ" ಅಂದೆ.
ಬಾಲ್ಕನಿಯಿಂದ ಜಾಮ್ ತಂದು ತಿರುಗುವಷ್ಟರಲ್ಲಿ
ಅವಳ ಎಡಗೈ ಮುಷ್ಟಿಯಾಗಿತ್ತು.
ಬಲಗೈಯಲ್ಲೇ ಚಮಚ, ಬಲಗೈಯಲ್ಲೇ ಲೋಟ,
ಬಲಗೈಯಲ್ಲೇ ನಮಸ್ಕಾರ.

ಜೆರೇನಿಯಂ ಕದ್ದವರನ್ನು ಹಿಡಿಯಲು ಪೊಲೀಸು ಬೇಡ.
ಘಾಟು ಬಾಗಿಲತನಕ ಅವಳ ಜೊತೆ ಹೋಯಿತು,
ನನ್ನ ಗಿಡ ಒಂದು ಕುಡಿ ಗಿಡ್ಡವಾಗಿತ್ತು.
ನಾನು ತುಟಿ ಬಿಚ್ಚಲಿಲ್ಲ.
ಕೇಳಿ ಪಡೆದ ಕುಡಿ ಕೊರಗುತ್ತದೆ,
ಕದ್ದದ್ದು ಬೇರೂರುತ್ತದೆ ಎಂದು
ನಮ್ಮ ಕಡೆ ಎಲ್ಲರೂ ನಂಬುತ್ತಾರೆ.
ಕೊಟ್ಟವರಿಗೆ ಧನ್ಯವಾದ ಅಂದರಂತೂ
ಅಲ್ಲಿಗೆ ಮುಗಿಯಿತು, ಒಣಗಿ ಕಡ್ಡಿ.
ಹಾಗಾಗಿ ನಮ್ಮ ಮೆಟ್ಟಿಲುಗಳ ಉದ್ದಕ್ಕೂ,
ಐದೂ ಮಹಡಿಗಳಲ್ಲಿ,
ಹೇಳದೆ ಉಳಿದ ಮಾತುಗಳೇ
ಡಬ್ಬಿಗಳಲ್ಲಿ ಹಸಿರಾಗಿ ನಿಂತಿವೆ.

ಜನವರಿಯ ಒಂದು ರಾತ್ರಿ ಮೀನು ಹುರಿದೆ.
ಹೊಗೆ ಹೋಗಲೆಂದು
ದೊಡ್ಡ ಕಿಟಕಿಯೊಳಗಿನ ಪುಟ್ಟ ಕಿಟಕಿ ತೆರೆದೆ,
ಕೂತಲ್ಲೇ ನಿದ್ದೆ ಹೋದೆ.
ಮೈನಸ್ ಇಪ್ಪತ್ತೇಳು.
ಬೆಳಿಗ್ಗೆ ಜೆರೇನಿಯಂ
ಬೇಯಿಸಿದ ಸೊಪ್ಪಿನ ಹಾಗೆ ಟೀಪಾಟಿನ ಮೇಲೆ ಜೋತಿತ್ತು.
ಲೋಳೆಸರ ನೀರಾಗಿತ್ತು.
ನಿಂಬೆ?
ಅದು ಎಲೆಯೆಲ್ಲ ಉದುರಿಸಿ
ಮುಳ್ಳು ಮಾತ್ರ ಉಳಿಸಿಕೊಂಡು ನಿಂತಿತ್ತು,
ಹಟಮಾರಿ.

ಯಾರಿಗೂ ಹೇಳಲಿಲ್ಲ. ಆದರೆ
ದೀಪ ಮೂರು ದಿನ ಹೊತ್ತಿರಲಿಲ್ಲ.
ನಾಲ್ಕನೆಯ ದಿನ ಕದ ತಟ್ಟಿ
"ಚಹಾಕ್ಕೆ ಬಾ" ಅಂದಳು, ಜಗಳ ಕಾಯುವ ದನಿಯಲ್ಲೇ.

ಅವಳ ಕಿಟಕಿಯಲ್ಲಿ, ಹೆರಿಂಗ್ ಡಬ್ಬಿಯಲ್ಲಿ,
ನನ್ನದೇ ಜೆರೇನಿಯಂ
ನನ್ನ ಮನೆಯಲ್ಲಿ ಎಂದೂ ಬಿಡದ
ಕೆಂಪು ಗೊಂಚಲು ಬಿಟ್ಟುಕೊಂಡಿತ್ತು.
ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

"ಜಾಮ್ ತರ್ತೀನಿ" ಎಂದು ಬಾಲ್ಕನಿಗೆ ಹೋದವಳು
ಎಷ್ಟು ಹೊತ್ತಾದರೂ ಬರಲಿಲ್ಲ.
ಅವಳ ಬಾಲ್ಕನಿ ಎರಡು ಹೆಜ್ಜೆಯದು.
ಜಾಮ್ ಜಾಡಿಗಳು ಇರುವುದೇ ನಾಲ್ಕು.
ಒಂದನ್ನು ಇನ್ನೊಂದಕ್ಕೆ ತಾಗಿಸಿ
ಸದ್ದು ಮಾಡುತ್ತಲೇ ಇದ್ದಳು,
ಆ ಚಳಿಯಲ್ಲಿ, ಶಾಲಿಲ್ಲದೆ,
ಬೆನ್ನು ನನ್ನ ಕಡೆಗೆ.

ಚಹಾ ಎಡಗೈಯಲ್ಲಿ ಕುಡಿದೆ.
ಮಾರನೇ ಬೆಳಿಗ್ಗೆ ಸ್ಟೀರಿಂಗ್ ಹಿಡಿದಾಗ
ಕೈಗವಸಿನೊಳಗಿಂದ ಇನ್ನೂ ಬರುತ್ತಿತ್ತು
ಅದೇ ಘಾಟು.